ಮೊಣಕಾಲಿಗೆ ಸೇರಿಸಿ ಹೊಲಿದ ಕೋಟು

೧

ಎಲ್ಲಿಂದ ಶುರು ಮಾಡೋದು, ಹೇಳಿ. ಬಸ್ಸಿನಿಂದಲೋ, ಬಸ್ಸಿಗೂ ಮುಂಚಿನ ಅಡುಗೆಮನೆಯಿಂದಲೋ, ಅಥವಾ ನಾನು ಕೂತಿರುವ ಈ ಕುಂಟು ಮೇಜಿನಿಂದಲೋ? ಕಥೆ ಬರೆಯುವವರು ಸಾಮಾನ್ಯವಾಗಿ ಓದುಗರನ್ನು ಇಂಥದ್ದೆಲ್ಲ ಕೇಳುವುದಿಲ್ಲ. ನಾನು ಕೇಳುತ್ತೇನೆ. ಯಾಕೆಂದರೆ ನೀವು ಉತ್ತರ ಕೊಡುವುದಿಲ್ಲ. ನನಗೆ ತೋಚಿದ್ದನ್ನು ಮಾಡಿ, ಕೆಟ್ಟರೆ ನಿಮ್ಮನ್ನು ಕೇಳಿಯೇ ಮಾಡಿದ್ದು ಅನ್ನಬಹುದು.

ಬರೆಯಬೇಕೆಂದುಕೊಂಡದ್ದು ಸಣ್ಣಪುಟ್ಟ ಕಾಪಾಡುವಿಕೆಗಳ ಬಗ್ಗೆ. ಹೊಳೆಗೆ ಹಾರಿ ಮಗುವನ್ನು ಎತ್ತಿಕೊಂಡು ಬರುವ ಥರದ್ದಲ್ಲ, ಅದಕ್ಕೆ ಪತ್ರಿಕೆಯವರಿದ್ದಾರೆ. ಎದುರಿಗೆ ಹೋಗುತ್ತಿರುವವರ ಹೊಸ ಅಂಗಿಯಲ್ಲಿ ನೇತಾಡುತ್ತಿರುವ ಬೆಲೆಚೀಟಿಯನ್ನು ಮೆಲ್ಲಗೆ ಕಿತ್ತು ಕೈಗೆ ಕೊಡುವುದು, ಹೊರಟ ರೈಲಿನ ಬಾಗಿಲಲ್ಲಿ ನಿಂತು ಓಡಿ ಬರುವವರಿಗೆ ಕೈ ಚಾಚುವುದು, ಇಂಥವು. ಮಾಡಿದವರು ಸಂಜೆಗೆ ಮರೆತುಬಿಡುತ್ತಾರಲ್ಲ, ಅವು.

(ಮರೆತುಬಿಟ್ಟರೆ ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಬೇಡಿ. ಕಥೆಯ ಆರಂಭದಲ್ಲೇ ತಕರಾರು ತೆಗೆದರೆ ನಾನು ಮುಖ ಊದಿಸಿಕೊಂಡು ಎದ್ದು ಹೋಗುವ ಜಾತಿ.)

೨

ಮೊದಲ ಡ್ರಾಫ್ಟಿನಲ್ಲಿ ಚರಂಡಿಗೆ ಬಿದ್ದ ಒಂದು ನಾಯಿಮರಿಯಿತ್ತು. ಕಾಪಾಡಲು ಒಬ್ಬ ಅಂಚೆಯವನನ್ನು ಸೃಷ್ಟಿಸಿ, ಅವನ ಬಾಲ್ಯವನ್ನೆಲ್ಲ ವಿವರವಾಗಿ ಬರೆದು, ಇನ್ನೇನು ಅವನು ಬಗ್ಗಬೇಕು ಅನ್ನುವಷ್ಟರಲ್ಲಿ ಮರಿ ತಾನಾಗಿಯೇ ಹತ್ತಿ ಬಂದು, ಅವನ ಪ್ಯಾಂಟಿನ ಮೇಲೆ ಮೈ ಕೊಡವಿ ಹೊರಟುಹೋಯಿತು. ಅಂಚೆಯವನು ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ.

ಎರಡನೆಯದರಲ್ಲಿ ರೈಲಿನ ಬಾಗಿಲಲ್ಲಿ ಕೈ ಚಾಚಿದ ಗಂಡಸು, ಕೈ ಹಿಡಿದು ಹತ್ತಿದ ಹೆಂಗಸು. ಮುಂದಿನ ಸ್ಟೇಷನ್ನು ಬರುವಷ್ಟರಲ್ಲಿ ಅವರಿಬ್ಬರೂ ಪ್ರೀತಿ ಮಾಡತೊಡಗಿದರು. ನಾನು ಹೇಳಿದ್ದು ಇದಲ್ಲ ಅಂದೆ. ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಅವರಿರಲಿಲ್ಲ. ಅಲ್ಲೇ ಬಿಟ್ಟು ಬಂದಿದ್ದೇನೆ, ಸುಖವಾಗಿರಲಿ.

ಮೂರನೆಯದನ್ನು ಹರಿದು ಹಾಕಿದೆ. ಹರಿಯುವ ಸದ್ದಿಗೆ ಒಬ್ಬಳು ತಲೆಯೆತ್ತಿ ನೋಡಿದಳು. ಬಟ್ಟೆ ಹರಿದ ಸದ್ದು ಎಂದುಕೊಂಡಿದ್ದಳಂತೆ.

೪

(ಮೂರು ಎಲ್ಲಿ ಎಂದು ಹುಡುಕಬೇಡಿ. ಹರಿದು ಹಾಕಿದೆ ಎಂದು ಈಗಷ್ಟೇ ಹೇಳಿದೆನಲ್ಲ.)

ಎಲ್ಲರೂ ಅವಳನ್ನು ಕರೆಯುವುದು ಆಲ್ಟರೇಷನ್ ಅಕ್ಕ ಎಂದು. ದೊಡ್ಡ ಬಟ್ಟೆಯಂಗಡಿಯೊಂದರ ನೆಲಮಾಳಿಗೆಯಲ್ಲಿ, ಮೆಟ್ಟಿಲ ಕೆಳಗೆ, ತಲೆ ಬಗ್ಗಿಸಿಯೇ ಒಳಗೆ ಹೋಗಬೇಕಾದ ಕೋಣೆ ಅವಳದು. ಒಂದು ಮಿಷನ್ನು, ಒಂದು ಇಸ್ತ್ರಿಪೆಟ್ಟಿಗೆ, ತಲೆಯ ಮೇಲೆ ಗಿರಾಕಿಗಳ ಹೆಜ್ಜೆಗಳ ದಡಬಡ. ಪ್ಯಾಂಟು ಗಿಡ್ಡ ಮಾಡು, ಸೊಂಟ ಬಿಗಿ ಮಾಡು, ತೋಳು ಬಿಚ್ಚಿ ಮತ್ತೆ ಕೂಡಿಸು. ಮದುವೆಯಾದಾಗಿನಿಂದ ಅದೇ ಕೆಲಸ. ಬೇರೆಯವರು ಹೊಲಿದದ್ದನ್ನು ಸರಿ ಮಾಡಿ ಮಾಡಿ ಅವಳ ಬೆರಳ ತುದಿ ಗಟ್ಟಿಯಾಗಿತ್ತು, ಕಣ್ಣು ಚುರುಕಾಗಿತ್ತು, ನಾಲಿಗೆ ಇನ್ನೂ ಚುರುಕಾಗಿತ್ತು. ಆದರೆ ಕಾಲರಿನಿಂದ ಅಂಚಿನವರೆಗೆ ಇದು ನಾನು ಮಾಡಿದ್ದು ಎಂದು ತೋರಿಸಲು ಅವಳ ಬಳಿ ಒಂದು ಉಡುಪೂ ಇರಲಿಲ್ಲ.

ಈಗ ಇದೆ. ಅಡುಗೆಮನೆಯ ಮೇಜಿನ ಮೇಲೆ, ಊಟದ ತಟ್ಟೆಗಳನ್ನು ಆಚೆ ತಳ್ಳಿ ತಳ್ಳಿ, ಚಳಿಗಾಲ ಪೂರ್ತಿ ಕೂತು ಹೊಲಿದ ಉಡುಪು. ಮೊಣಕಾಲಿನ ಕೆಳಗೆ ಬರುವ ಉದ್ದ, ನವಿಲಿನ ಕತ್ತಿನ ಬಣ್ಣ. ಒಳಮಗ್ಗುಲು ತಿರುಗಿಸಿದರೂ ಯಾವುದು ಒಳಗೆ ಯಾವುದು ಹೊರಗೆ ಎಂದು ನೀವು ತಡವರಿಸಬೇಕು. ಬಟ್ಟೆ ಮಾತ್ರ ಬಲು ಕೋಪಿಷ್ಠ: ನುಣುಪು, ತೆಳು, ಒಮ್ಮೆ ಸೂಜಿ ಚುಚ್ಚಿದರೆ ಚುಚ್ಚಿದ ಗುರುತು ಹೋಗುವುದೇ ಇಲ್ಲ. ಒಂದು ಹೊಲಿಗೆ ತಪ್ಪಿದರೂ ತಪ್ಪಿದ್ದು ಜೀವಮಾನವಿಡೀ ಕಾಣುತ್ತದೆ. ಅಂಥ ಬಟ್ಟೆಯನ್ನೇ ಅವಳು ಹುಡುಕಿ ಆರಿಸಿಕೊಂಡಿದ್ದು. ಜಂಬ ಅಂದರೆ ಜಂಬ.

ಆ ಉಡುಪು ತೊಟ್ಟು ಅವಳು ಹೊರಟಿರುವುದು ದೊಡ್ಡ ರಂಗಮಂದಿರಕ್ಕೆ. ಅಲ್ಲಿ ನಾಟಕದ ಉಡುಪುಗಳನ್ನು ಮಾಡುವ ವಿಭಾಗಕ್ಕೆ ಮುಖ್ಯ ಹೊಲಿಗೆಯವರು ಬೇಕಾಗಿದ್ದಾರೆ. ಷರತ್ತು ಒಂದೇ: ನೀವೇ ಪೂರ್ತಿ ಮಾಡಿದ ಒಂದು ಉಡುಪು ಹಾಕಿಕೊಂಡು ಬನ್ನಿ. ಬಾಯಿಮಾತು ಬೇಡ. ಇವತ್ತು ಬೆಳಿಗ್ಗೆ ಒಂದೇ ಸಲ ನೋಡುತ್ತಾರೆ.

ಮೆಟ್ಟಿಲ ಕೆಳಗಿನಿಂದ ಮೇಲೆ ಬರಲು ಇರುವ ದಾರಿ ಅದೊಂದೇ. ಅವಳಿಗೆ ಬೇಕಾಗಿರುವುದೂ ಅದೊಂದೇ.

೫

ಮನೆಯವರಿಗೆ ಅವಳ ಚಾಳಿ ಗೊತ್ತು. ಬೀದಿಯಲ್ಲಿ ಯಾರದಾದರೂ ಅಂಚು ಬಿಚ್ಚಿದ್ದರೆ ಅವಳ ಕಾಲು ಮುಂದಕ್ಕೆ ಹೋಗುವುದಿಲ್ಲ. ಕಾಲರಿನ ಒಳಗೆ ಸದಾ ದಾರ ಪೋಣಿಸಿದ ಒಂದು ಸೂಜಿ ಇರುತ್ತದೆ. ಒಮ್ಮೆ ರೈಲಿನಲ್ಲಿ ಯಾರದೋ ಚೀಲದ ಪಟ್ಟಿ ಹೊಲಿಯುತ್ತ ತನ್ನ ಊರನ್ನೇ ದಾಟಿ ಹೋಗಿದ್ದಳು. ಆಸ್ಪತ್ರೆಗೆ ಅತ್ತಿಗೆಯನ್ನು ನೋಡಲು ಹೋಗಿ, ಪಕ್ಕದ ಹಾಸಿಗೆಯವರ ದಿಂಬಿಗೆ ಹೊಲಿಗೆ ಹಾಕಿ, ಅತ್ತಿಗೆಯನ್ನು ಮಾತಾಡಿಸದೆ ವಾಪಸು ಬಂದಿದ್ದಳು. ಅತ್ತಿಗೆ ಈಗಲೂ ಅದನ್ನು ಎತ್ತಿ ಆಡುತ್ತಾಳೆ.

"ಅಮ್ಮಾ, ಇವತ್ತೊಂದು ದಿನ ಯಾರಿಗೂ ಸಹಾಯ ಮಾಡ್ಬೇಡ," ಎಂದಳು ಮಗಳು, ಬೆನ್ನಿನ ಜಿಪ್ಪು ಎಳೆಯುತ್ತ. "ಬಸ್ಸಲ್ಲಿ ಕಣ್ಮುಚ್ಚಿ ಕೂತ್ಕೊಂಡ್ಬಿಡು. ಹರಿದದ್ದು ಕಂಡ್ರೂ ಕಾಣದ ಹಾಗೆ ಇರು."

"ಹೂಂ ಕಣೆ."

"ಹೂಂ ಅಂತೀಯ, ಆಮೇಲೆ ನೋಡಿದ್ರೆ ಯಾರದೋ ಕಾಲ ಹತ್ರ ಕೂತಿರ್ತೀಯ."

ಗಂಡ ಪಾರ್ಸಲ್ ಆಫೀಸಿನಲ್ಲಿ ರಾತ್ರಿಪಾಳಿ ಮುಗಿಸಿ ಆಗಷ್ಟೇ ಬಂದಿದ್ದ. ಶೂ ಕೂಡ ಬಿಚ್ಚದೆ ಬಾಗಿಲಲ್ಲಿ ನಿಂತು ಅವಳನ್ನು ಮೇಲಿಂದ ಕೆಳಗೆ ನೋಡಿದ. "ಇವಳು ಮನೆಯಿಂದ ಹೊರಟು ಮುಟ್ಟೋ ಹೊತ್ತಿಗೆ ಅರ್ಧ ಊರು ರಿಪೇರಿ ಆಗಿರುತ್ತೆ," ಎಂದ. ಆಮೇಲೆ ದನಿ ತಗ್ಗಿಸಿ, "ಚೆನ್ನಾಗಿದೆ. ತುಂಬಾ ಚೆನ್ನಾಗಿದೆ ಕಣೆ," ಎಂದ. ಅವನ ಕಣ್ಣು ಕೆಂಪಗಿದ್ದದ್ದು ನಿದ್ದೆಗೆಟ್ಟಿದ್ದರಿಂದಲೇ ಎಂದು ಬರೆದಿದ್ದೆ. ಅಕ್ಕ ಒಪ್ಪಲಿಲ್ಲ. ಅವರಿಗೆ ಹೆಮ್ಮೆ ಆಗಿತ್ತು, ಹಾಗೇ ಬರೀರಿ, ಅದರಲ್ಲಿ ಮುಚ್ಚಿಡೋದೇನಿದೆ ಎಂದಳು. ಬರೆದಿದ್ದೇನೆ.

೬

ಬಸ್ಸು. ಕಿಟಕಿಯ ಪಕ್ಕದ ಸೀಟು. ಅಕ್ಕ ಮಗಳಿಗೆ ಕೊಟ್ಟ ಮಾತಿನಂತೆ ಕಣ್ಣು ಮುಚ್ಚಿ ಕೂತಿದ್ದಾಳೆ. ಉಡುಪು ಮುದುರಬಾರದೆಂದು ಕೆಳಗೆ ಒಗೆದ ಟವೆಲ್ಲು ಹಾಸಿಕೊಂಡಿದ್ದಾಳೆ. ಪಕ್ಕದಲ್ಲಿ ಯಾರೋ ಬಂದು ಕೂತರು.

ಆಗ ಚರ್ರ್ ಅಂತ ಒಂದು ಸದ್ದು.

ಈ ಸದ್ದಿಗೆ ಕಣ್ಣು ಬಿಡದ ದರ್ಜಿ ಇನ್ನೂ ಹುಟ್ಟಿಲ್ಲ. ಪಕ್ಕದಲ್ಲಿ ಕೂತಿದ್ದವನು ಹಿತ್ತಾಳೆ ಗುಂಡಿಗಳ ದಪ್ಪ ಕೋಟು ಹಾಕಿದ ಎತ್ತರದ ಆಳು. ಸೀಟಿನ ಮುರಿದ ಹಿಡಿಗೆ ಕೋಟಿನ ಜೇಬು ಸಿಕ್ಕಿ, ಜೇಬಿನಿಂದ ಕೆಳಗಿನ ಅಂಚಿನವರೆಗೆ ಬಾಯಿ ಬಿಟ್ಟುಕೊಂಡಿತ್ತು. ಒಳಗಿನ ಲೈನಿಂಗು ನಾಲಿಗೆಯ ಹಾಗೆ ಹೊರಗೆ ಬಂದಿತ್ತು.

"ಅಯ್ಯೋ," ಎಂದ ಅವನು. ಅಷ್ಟು ದೊಡ್ಡ ಮೈಗೆ ಬಹಳ ಸಣ್ಣ ದನಿ.

ಅಕ್ಕ ಮತ್ತೆ ಕಣ್ಣು ಮುಚ್ಚಿದಳು. ನಿಜವಾಗಿ ಮುಚ್ಚಿದಳು, ನಾನು ಸಾಕ್ಷಿ. ಮುಚ್ಚಿದ ಕಣ್ಣೊಳಗೂ ಆ ಹರಕೇ ಕಂಡಿತು. "ಕೋಟು ಬಿಚ್ಚಿ ಕೊಡಿ," ಎಂದಳು, ಕಣ್ಣು ಮುಚ್ಚಿಕೊಂಡೇ.

"ಬಿಚ್ಚೋಕಾಗಲ್ಲ."

"ಯಾಕೆ?"

ಅವನು ಆಚೀಚೆ ನೋಡಿ, ಬಗ್ಗಿ ಗುಟ್ಟಾಗಿ ಹೇಳಿದ: "ಒಳಗಿನ ಶರಟಿನ ಬೆನ್ನು ಇಲ್ಲ. ಬೆಳಿಗ್ಗೆ ಇಸ್ತ್ರಿ ಮಾಡ್ತಾ ಸುಟ್ಟುಹಾಕ್ಬಿಟ್ಟೆ."

"ಏನು ಕೆಲಸ ನಿಮ್ಮದು?"

"ಅಗ್ನಿಶಾಮಕ ದಳದಲ್ಲಿದ್ದೀನಿ."

ಹಿಂದಿನ ಸೀಟಿನವರು ನಕ್ಕರು. ಅಕ್ಕ ನಗಲಿಲ್ಲ, ಇಸ್ತ್ರಿಪೆಟ್ಟಿಗೆಯ ಮುಂದೆ ಯಾರೂ ದೊಡ್ಡವರಲ್ಲ ಎಂದು ಅವಳಿಗೆ ಗೊತ್ತು. ಇವತ್ತು ಮುಖ್ಯ ಕಚೇರಿಯಲ್ಲಿ ತನಗೊಂದು ಪದಕ ಕೊಡುತ್ತಿದ್ದಾರೆ, ಹೊತ್ತಿ ಉರಿಯುತ್ತಿದ್ದ ಕಟ್ಟಡದಿಂದ ಜನರನ್ನು ಹೊರತಂದಿದ್ದಕ್ಕೆ, ಎಂದು ಅವನು ಹೇಳಿದ. ಕ್ಷಮೆ ಕೇಳುವವನ ಹಾಗೆ ಹೇಳಿದ.

೭

ಪದಕ! ಉರಿಯುವ ಕಟ್ಟಡ! ನನ್ನ ಪೆನ್ನು ತಾನಾಗಿಯೇ ಆ ಕಡೆ ತಿರುಗಿತು. ಏಣಿ, ಹೊಗೆ, ಕಿಟಕಿಯಲ್ಲಿ ಕೈಬೀಸುವ ಅಜ್ಜಿ, ಎಲ್ಲ ಕಣ್ಣ ಮುಂದೆ ಬಂತು. 'ಅಂದು ಜ್ವಾಲೆಗಳು ಆಕಾಶವನ್ನು...' ಎಂದು ಶುರು ಮಾಡಿಯೂ ಬಿಟ್ಟೆ.

"ರೀ," ಎಂದಳು ಅಕ್ಕ. "ಎಲ್ಲಿಗೆ ಹೊರಟ್ರಿ?"

"ಒಂದೇ ಪುಟ ಅಕ್ಕ. ಬೆಂಕಿಯದ್ದು ಒಂಚೂರು ಹೇಳಿ ವಾಪಸು ಬಂದ್ಬಿಡ್ತೀನಿ."

"ಸಣ್ಣ ಕೆಲಸದ ಬಗ್ಗೆ ಬರೀತೀನಿ ಅಂತ ಕರ್ಕೊಂಡು ಬಂದು, ದೊಡ್ಡದು ಕಂಡ ತಕ್ಷಣ ಜೊಲ್ಲು ಸುರಿಸ್ತೀರಲ್ಲ. ನಾನು ಇಳಿದು ಹೋಗ್ಲಾ?"

"ಬೇಡ ಬೇಡ."

"ಹಾಗಾದ್ರೆ ಸೂಜಿ ಕಡೆ ನೋಡಿ."

(ಬೈಸಿಕೊಂಡೆ. ನಿಮ್ಮ ಮುಂದೆಯೇ ಬೈಸಿಕೊಂಡೆ. ಅಗ್ನಿಶಾಮಕದವನೂ ಅವಳ ಪಕ್ಷವೇ. ಬೆಂಕಿಯ ಬಗ್ಗೆ ಆಮೇಲೆ ಬರೀಬಹುದು ಸಾರ್, ಮೊದಲು ಕೋಟು, ಎಂದ.)

೮

ಅವನು ಅವಳ ಕಡೆ ವಾಲಿ ಕೂತ. ಅವಳು ಕೋಟಿನ ಹರಿದ ಸೆರಗನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ಹೊಲಿಯತೊಡಗಿದಳು. ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ ಹೋಗುವ ಹೊಲಿಗೆ, ಜೋಡಿದಾರದಲ್ಲಿ. ಇಲಾಖೆಯ ಬಟ್ಟೆ ಕಂಬಳಿಯಷ್ಟು ದಪ್ಪ. ಪ್ರತಿ ಸಲವೂ ಸೂಜಿಯನ್ನು ಅಂಗೈಯಿಂದ ಒತ್ತಿ ತಳ್ಳಬೇಕಿತ್ತು. ಬಸ್ಸು ಕುಲುಕುತ್ತಿತ್ತು. ಅವಳ ಕೈ ಮಾತ್ರ ತನ್ನದೇ ರಸ್ತೆಯ ಮೇಲೆ ಹೋಗುತ್ತಿತ್ತು. ಹಿಂದಿನ ಸೀಟಿನವರು ಎದ್ದು ನಿಂತು ನೋಡಿದರು. ಟಿಕೆಟು ಕೊಡಲು ಬಂದ ಕಂಡಕ್ಟರು ಟಿಕೆಟು ಕೊಡುವುದನ್ನು ಬಿಟ್ಟು ನಿಂತ.

ಕೊನೆಗೆ ಹಿಂದಕ್ಕೆ ಎರಡು ಹೊಲಿಗೆ ಹಾಕಿ, ದಾರದ ತುದಿಯನ್ನು ಒಳಗೆ ಮುಚ್ಚಿ, ಹಲ್ಲಿನಿಂದ ಕಡಿದಳು. "ಎಲ್ಲಿ ಹರಿದಿತ್ತು ಅಂತ ಈಗ ಯಾರಾದ್ರೂ ತೋರಿಸ್ಲಿ ನೋಡೋಣ," ಎಂದಳು. ತೋರಿಸಲು ಯಾರಿಗೂ ಆಗಲಿಲ್ಲ. ಅವಳ ಎದೆ ಉಬ್ಬಿತು. ನನ್ನದೂ. (ಬರೆದವರು ಪಾತ್ರಗಳನ್ನು ಕಂಡು ಹೆಮ್ಮೆ ಪಡಬಾರದು ಎಂದು ವಿಮರ್ಶಕರು ಹೇಳಬಹುದು. ಹೇಳಲಿ. ಅವರ ಗುಂಡಿ ಕಿತ್ತುಹೋದ ದಿನ ನೋಡೋಣ.)

"ಮುಖ್ಯ ಕಚೇರಿ, ಮುಖ್ಯ ಕಚೇರಿ," ಎಂದು ಕಂಡಕ್ಟರು ಕೂಗಿದ. ಅಗ್ನಿಶಾಮಕದವನು ಕೈಮುಗಿದು, "ಉಪಕಾರ ಆಯ್ತು ಅಕ್ಕ," ಎಂದು ಎದ್ದ.

ಅಕ್ಕನೂ ಎದ್ದಳು. ಏಳಬೇಕೆಂದು ಎದ್ದದ್ದಲ್ಲ, ಅವಳ ಮೊಣಕಾಲು ಎದ್ದಿತು.

೯

ಹೊಲಿಗೆ ಗೊತ್ತಿರುವವರಿಗೆ ಇಷ್ಟು ಹೊತ್ತಿಗೆ ಅರ್ಥವಾಗಿರಬೇಕು. ತೊಡೆಯ ಮೇಲೆ ಇಟ್ಟುಕೊಂಡು ಹೊಲಿಯುವವರೆಲ್ಲ ಎಂದಾದರೊಮ್ಮೆ ಮಾಡುವ ತಪ್ಪು ಅದು. ದಪ್ಪ ಬಟ್ಟೆಯ ಮೇಲೆ ಕೊಟ್ಟ ಒತ್ತಡದಲ್ಲಿ, ಅಡಿಯಲ್ಲಿದ್ದ ತೆಳು ಬಟ್ಟೆ ಗೊತ್ತೇ ಆಗದ ಹಾಗೆ ಸೂಜಿಗೆ ಸಿಕ್ಕಿತ್ತು. ಅಕ್ಕ ಇಲಾಖೆಯ ಕೋಟನ್ನು ತನ್ನ ನವಿಲುಬಣ್ಣದ ಉಡುಪಿಗೆ, ಮೊಣಕಾಲಿನ ಮೇಲೆ, ಗೇಣುದ್ದ, ಭದ್ರವಾಗಿ ಹೊಲಿದುಬಿಟ್ಟಿದ್ದಳು.

ನೆಲ ಬಾಯಿಬಿಟ್ಟು ನುಂಗಬಾರದೆ ಅನ್ನಿಸಿತು ಅವಳಿಗೆ. ಹೊಸದಾಗಿ ಕಲಿಯುವವರು ಮಾಡುವ ತಪ್ಪು. ಅದೂ ಇವತ್ತು. ಅದೂ ಈ ಬಟ್ಟೆಯ ಮೇಲೆ.

ನನಗೆ ಮಾತ್ರ ಒಳಗೊಳಗೇ ಖುಷಿಯಾಯಿತು ಎಂದು ಒಪ್ಪಿಕೊಂಡುಬಿಡುತ್ತೇನೆ. ಕಥೆ ಸಿಕ್ಕಿತಲ್ಲ! ಕೂಡಲೇ ಬರೆದೆ: 'ಅವಳು ಒಂದು ಕ್ಷಣವೂ ಯೋಚಿಸದೆ ತನ್ನ ಉಡುಪನ್ನೇ ಹರಿದು ಅವನನ್ನು ಬಿಡಿಸಿದಳು. ಅವಳ ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗುವಿತ್ತು.'

"ಹೊಡೆದುಹಾಕಿ ಅದನ್ನ," ಎಂದಳು ಅಕ್ಕ.

"ಯಾಕೆ ಅಕ್ಕ? ತ್ಯಾಗ..."

"ಯಾರಪ್ಪನ ಮನೆ ತ್ಯಾಗ? ಚಳಿಗಾಲ ಪೂರ್ತಿ ಕೂತು ಹೊಲಿದಿದ್ದೀನಿ. ನಿಮಗೆ ಒಂದು ಒಳ್ಳೆ ಸಾಲು ಸಿಗಲಿ ಅಂತ ನನ್ನ ಬಟ್ಟೆ ಹರ್ಕೊಳ್ಳಲಾ? ನಿಮ್ಮ ಶರಟು ಹರ್ಕೊಳ್ಳಿ."

ಹೊಡೆದುಹಾಕಿದೆ.

೯, ಇನ್ನೊಂದು ಸಲ

ಹಾಗಾದರೆ ಅವನ ಕೋಟನ್ನು ಕತ್ತರಿಸೋಣ. ಅದಕ್ಕೂ ಒಪ್ಪಲಿಲ್ಲ, ಮತ್ತೆ ಹರಿಯೋದಕ್ಕೆ ಹೊಲಿದ್ನಾ ಎಂದಳು. ಕೋಟನ್ನು ಬಿಚ್ಚಿ ಅವಳಿಗೆ ಬಿಟ್ಟು ಅವನು ಇಳಿಯಲಿ ಎಂದೆ. ಬೆನ್ನಿಲ್ಲದ ಶರಟಿನಲ್ಲಿ ಹೋಗಿ ಪದಕ ಎಲ್ಲಿಗೆ ಚುಚ್ಚಿಸಿಕೊಳ್ಳಲಿ ಎಂದು ಅವನು ಕೇಳಿದ.

ಕಂಡಕ್ಟರು ಸೀಟಿ ಊದದೆ ಬಸ್ಸು ನಿಲ್ಲಿಸಿಕೊಂಡೇ ಇದ್ದ. ಡ್ರೈವರು ತಿರುಗಿ ನೋಡಿದ. ಆಗ ನಡೆದದ್ದನ್ನು ನಾನು ಯೋಚಿಸಿ ಬರೆದದ್ದಲ್ಲ, ಜನರೇ ಎದ್ದು ಬಂದರು. ಹಿಂದಿನ ಸೀಟಿನವರು ಉಗುರು ಕತ್ತರಿಸುವ ಕಟ್ಟರ್ ಚಾಚಿದರು. ಒಬ್ಬ ತಾತ ತನ್ನ ಕನ್ನಡಕ ತೆಗೆದು ಅಕ್ಕನ ಮೂಗಿನ ಮೇಲೆ ಇಡಲು ಬಂದರು. ಯಾರೋ ಲೈಟರ್ ಹಚ್ಚಿ ದಾರ ಸುಟ್ಟುಬಿಡೋಣ ಎಂದರು. "ಬಸ್ಸೊಳಗೆ ಬೆಂಕಿ ಹಚ್ಚಬೇಡಿ!" ಎಂದು ಅಗ್ನಿಶಾಮಕದವನು ಗುಡುಗಿದ. ಆಗ ಮೊದಲ ಸಲ ಅವನ ನಿಜವಾದ ದನಿ ಕೇಳಿದ್ದು.

"ಕುಲುಕೋ ಬಸ್ಸಲ್ಲಿ ಬಿಚ್ಚೋದಲ್ಲ ಇದು," ಎಂದಳು ಅಕ್ಕ. "ಕೈ ಒಂಚೂರು ಜಾರಿದ್ರೆ ಈ ಬಟ್ಟೆ ಪರ್‍ ಅಂತ ಹೋಗುತ್ತೆ. ಬೆಳಕು ಬೇಕು, ಕೂರೋಕೆ ಗಟ್ಟಿ ಜಾಗ ಬೇಕು. ಇಲ್ಲೇ ಇಳಿದು ಅಷ್ಟು ಹೊತ್ತು ನಿಂತ್ರೆ ನನ್ನ ಟೈಮು ಮೀರುತ್ತೆ."

ಅಗ್ನಿಶಾಮಕದವನು ಕಿಟಕಿಯಾಚೆ ತನ್ನ ಕಚೇರಿ ನೋಡಿದ. ಮೆಟ್ಟಿಲ ಮೇಲೆ ಅವನ ಜೊತೆಯವರು ಸಾಲಾಗಿ ನಿಂತಿದ್ದರು. ಆಮೇಲೆ ಅಕ್ಕನ ಉಡುಪು ನೋಡಿದ. ಎಲ್ಲಿಗೆ ಹೊರಟಿದ್ದೀರಿ ಎಂದು ಅವನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ. ಕೇಳಿದ. ಅವಳು ಹೇಳಿದಳು.

"ಹಾಗಾದ್ರೆ ಮೊದಲು ನಿಮ್ಮ ಸ್ಟಾಪು," ಎಂದು ಕೂತೇಬಿಟ್ಟ.

"ಪದಕ?"

"ಅದೇನು ಬೆಂಕಿಯೊಳಗೆ ಸಿಕ್ಕಿಹಾಕ್ಕೊಂಡಿಲ್ಲವಲ್ಲ. ಇರುತ್ತೆ ಬಿಡಿ."

ಕಂಡಕ್ಟರು ಸೀಟಿ ಊದಿದ.

೧೦

ಒಬ್ಬರಿಗೊಬ್ಬರು ಹೊಲಿದುಕೊಂಡ ಇಬ್ಬರು ರಸ್ತೆ ದಾಟುವುದು ಸುಲಭವಲ್ಲ. ಅವನ ಒಂದು ಹೆಜ್ಜೆಗೆ ಅವಳದು ಎರಡು. ಮೊದಲು ಅವಳು ಎಳೆಯಲ್ಪಟ್ಟಳು, ಆಮೇಲೆ ಬೈದಳು, ಆಮೇಲೆ ಅವನು ಸಣ್ಣ ಹೆಜ್ಜೆ ಹಾಕಲು ಕಲಿತ. ಬಗ್ಗಿ, ಕೋಟಿನ ಅಂಚನ್ನು ಅವಳ ಮೊಣಕಾಲ ಎತ್ತರಕ್ಕೇ ಹಿಡಿದುಕೊಂಡು ನಡೆದ. ಎದುರು ಬಂದವರು ದಾರಿ ಬಿಟ್ಟು ನಿಂತರು. ನಾಚಿಕೆಯಿಂದ ಅವಳ ಕಿವಿ ಕೆಂಪಾಗಿತ್ತು ಎಂದು ಬರೆಯಬೇಕೆಂದಿದ್ದೆ. ಆದರೆ ಅವಳು ತಲೆಯೆತ್ತಿಯೇ ನಡೆಯುತ್ತಿದ್ದಳು.

ರಂಗಮಂದಿರದ ಹಿಂಬಾಗಿಲು, ಉದ್ದನೆಯ ಓಣಿಯಂಥ ಪಡಸಾಲೆ, ದೊಡ್ಡ ಕಿಟಕಿ, ಬೆಂಚು. ಬೆಂಚಿನ ಮೇಲೆ ತಮ್ಮ ತಮ್ಮ ಉಡುಪು ತೊಟ್ಟು ಕೂತಿದ್ದ ಹೊಲಿಗೆಯವರು. ಒಬ್ಬರ ಕೋಟಿಗೆ ನಕ್ಷತ್ರದ ಕಸೂತಿ, ಒಬ್ಬರ ತೋಳಿಗೆ ನೆರಿಗೆಯ ಮೇಲೆ ನೆರಿಗೆ. ಎಲ್ಲರೂ ತಿರುಗಿ ನೋಡಿದರು. ಯಾರೋ ಕಿಸಕ್ಕೆಂದರು.

ಒಳಕೋಣೆಯ ಬಾಗಿಲು ತೆರೆದು ಮೇಡಂ ಹೊರಗೆ ಬಂದರು. ಉಡುಪು ವಿಭಾಗದ ಮುಖ್ಯಸ್ಥೆ. ಕುತ್ತಿಗೆಗೆ ಅಳತೆಪಟ್ಟಿ, ಬೆಳ್ಳಗಾದ ಕೂದಲು, ಬೆರಳ ತುದಿ ಅಕ್ಕನದರಷ್ಟೇ ಗಟ್ಟಿ.

"ಇವರು ಯಾರು?" ಎಂದರು, ಕೋಟಿನ ಕಡೆ ಕೈ ತೋರಿಸಿ.

"ಇವರು ನನ್ನ ತಪ್ಪು, ಮೇಡಂ," ಎಂದಳು ಅಕ್ಕ.

ಅಗ್ನಿಶಾಮಕದವನು ಅಭ್ಯಾಸಬಲದಿಂದ ಸೆಲ್ಯೂಟ್ ಹೊಡೆದ. ಅಕ್ಕನ ಮೊಣಕಾಲು ಒಂಚೂರು ಮೇಲೆದ್ದಿತು.

ಮೇಡಂ ನಗಲಿಲ್ಲ. ಬಗ್ಗಿ, ಎರಡು ಬಟ್ಟೆ ಸೇರಿದ ಕಡೆ ಬೆರಳಾಡಿಸಿದರು. ಉಗುರು ತೂರಿಸಲು ನೋಡಿದರು. ಎರಡೂ ಕೈಯಿಂದ ಮೆಲ್ಲಗೆ ಎಳೆದು ನೋಡಿದರು. "ಗಂಟು ಎಲ್ಲಿ?" ಎಂದು ಕೇಳಿದರು.

"ಗಂಟು ಹಾಕಲ್ಲ ಮೇಡಂ. ಹಿಂದಕ್ಕೆ ಹೊಲಿದು ತುದಿ ಒಳಗೆ ಮುಚ್ಚಿಬಿಡ್ತೀನಿ."

"ಬಸ್ಸಲ್ಲಿ?"

"ಬಸ್ಸಲ್ಲೇ."

ಮೇಡಂ ಏಪ್ರನ್ನಿನ ಜೇಬಿನಿಂದ ಹೊಲಿಗೆ ಬಿಚ್ಚುವ ಪುಟ್ಟ ಕೊಕ್ಕೆ ತೆಗೆದು ಅವಳ ಕೈಗಿಟ್ಟರು. "ನೀವು ಹಾಕಿದ್ದು, ನೀವೇ ಬಿಚ್ಚಬೇಕು. ಬಿಚ್ಚಿ ಒಳಗೆ ಬನ್ನಿ. ನಿಮ್ಮ ಸರದಿ ಕೊನೆಯದು. ಕರೆದಾಗ ಬರ್ಲಿಲ್ಲ ಅಂದ್ರೆ ನಾನು ರಿಹರ್ಸಲ್‌ಗೆ ಹೋಗ್ತೀನಿ, ಮತ್ತೆ ನೋಡಲ್ಲ."

೧೧

ಕಿಟಕಿಯ ಬೆಳಕಿಗೆ ಕೂತು ಅಕ್ಕ ತನ್ನ ಹೊಲಿಗೆಯನ್ನು ತಾನೇ ಬಿಚ್ಚಿದಳು. ಬೇರೆಯವರ ಹೊಲಿಗೆ ಬಿಚ್ಚುವುದು ಅವಳ ಹೊಟ್ಟೆಪಾಡು. ತನ್ನದನ್ನು ಬಿಚ್ಚುತ್ತಿರುವುದು ಇದೇ ಮೊದಲು. ಒಂದೊಂದು ದಾರವೂ ಹಟ ಹಿಡಿದೇ ಬಂತು. ಅವಳಿಗೆ ಸಿಟ್ಟೂ ಬರುತ್ತಿತ್ತು, ಹೆಮ್ಮೆಯೂ ಆಗುತ್ತಿತ್ತು. ಬೆಂಚು ಒಬ್ಬೊಬ್ಬರಾಗಿ ಖಾಲಿಯಾಗುತ್ತ ಬಂತು.

ಕೊನೆಯ ಎಳೆ ಬಿಟ್ಟಿತು. ಇಬ್ಬರೂ ಬೇರೆಯಾದರು. ನವಿಲುಬಣ್ಣದ ಮೇಲೆ, ಮೊಣಕಾಲಿನ ಬಳಿ, ಸೂಜಿ ಚುಚ್ಚಿದ ಚುಕ್ಕೆಗಳ ಒಂದು ಸಾಲು. ಸಮನಾಗಿ, ನೆಟ್ಟಗೆ, ಅಳೆದು ಇಟ್ಟ ಹಾಗೆ. ಅವಳು ಉಗುರಿನಿಂದ ಉಜ್ಜಿ ನೋಡಿದಳು. ಹೋಗುವುದಿಲ್ಲ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು?

"ಕಾಣುತ್ತೆ," ಎಂದ ಅಗ್ನಿಶಾಮಕದವನು, ಸಂಕಟದಿಂದ.

"ಕಾಣ್ಲಿ," ಎಂದಳು ಅಕ್ಕ. "ವಕ್ರ ಇದೆಯಾ?"

"ಇಲ್ಲ."

"ಮತ್ತೆ?"

ಆದರೆ ಅವನ ಕೋಟು. ಹೊಲಿಗೆ ಬಿಚ್ಚಿದ ಮೇಲೆ ಹರಕು ಮತ್ತೆ ಬಾಯಿ ಬಿಟ್ಟಿತ್ತು. ಲೈನಿಂಗು ಮತ್ತೆ ಹೊರಗೆ ಬಂದಿತ್ತು. ಇಬ್ಬರೂ ಅದನ್ನೇ ನೋಡುತ್ತ ನಿಂತಿದ್ದಾಗ ಒಳಗಿನಿಂದ ಮೇಡಂ ದನಿ ಬಂತು: "ಕೊನೆಯವರು ಬನ್ನಿ."

"ಹೋಗಿ ಅಕ್ಕ, ಹೋಗಿ," ಎಂದ ಅವನು. "ಪಿನ್ನು ಹಾಕ್ಕೊಂಡು ಹೋಗ್ತೀನಿ. ಕೈ ಅಡ್ಡ ಇಟ್ಕೊಂಡ್ರೆ ಗೊತ್ತಾಗಲ್ಲ."

ಅವಳು ಬಾಗಿಲು ನೋಡಿದಳು. ಕೋಟು ನೋಡಿದಳು. ಕಾಲರಿನೊಳಗಿಂದ ಸೂಜಿ ತೆಗೆದಳು.

ಪಾತ್ರಗಳ ನಡುವೆ ಹೀಗೆ ನುಗ್ಗಬಾರದು, ಆದರೆ ನುಗ್ಗಿದೆ. "ಅಕ್ಕ, ಒಳಗೆ ಹೋಗಿ! ದಮ್ಮಯ್ಯ ಅಂತೀನಿ. ಮೆಟ್ಟಿಲ ಕೆಳಗೆ ಇಷ್ಟು ವರ್ಷ ಕೂತಿದ್ದೀರಿ. ಓದುಗರು ನಿಮ್ಮ ಜೊತೆ ಬಸ್ಸು ಹತ್ತಿ ಇಲ್ಲಿವರೆಗೆ ಬಂದಿದ್ದಾರೆ. ಅವರಿಗೆ ನಾನೇನು ಹೇಳ್ಲಿ?"

"ನನ್ನ ಹೊಲಿಗೆ ಬಿಚ್ಚಿ, ಮನುಷ್ಯನ್ನ ಹರಕು ಕೋಟಲ್ಲಿ ಹೊರಗೆ ಕಳಿಸಿ, ಒಳಗೆ ಹೋಗಿ ನಾನೇನು ಹೇಳ್ಲಿ? ಹೊಲಿಯೋಕೆ ಬರುತ್ತೆ ಅಂತಾನಾ?"

ಓದುಗರೇ, ಇದಕ್ಕೇನು ಉತ್ತರ? ನಿಮ್ಮ ಹತ್ತಿರ ಇದ್ದರೆ ಹೇಳಿ.

"ಬಂದೆ ಮೇಡಂ, ಒಂದು ಹೊಲಿಗೆ ಬಾಕಿ ಇದೆ," ಎಂದು ಬಾಗಿಲ ಕಡೆ ಕೂಗಿ ಹೇಳಿದಳು. ಬೇಡುವ ದನಿಯಲ್ಲ. ಕೆಲಸದ ಮಧ್ಯೆ ಇರುವವರ ದನಿ. ಅಗ್ನಿಶಾಮಕದವನನ್ನು ಬೆಂಚಿನ ಮೇಲೆ ಕೂರಿಸಿ, ತಾನು ನೆಲದ ಮೇಲೆ ಮೊಣಕಾಲೂರಿದಳು.

೧೨

ಈಗ ಅಂತ್ಯ. ಮೂರು ಬರೆದಿಟ್ಟಿದ್ದೇನೆ, ಆರಿಸಿಕೊಳ್ಳಿ.

ಒಂದು: ಮೇಡಂ ಹೊರಗೆ ಬಂದು, ಅವಳು ಹೊಲಿಯುವುದನ್ನು ನಿಂತು ನೋಡಿ, ಚುಕ್ಕೆಗಳ ಸಾಲನ್ನೂ ನೋಡಿ, ನಾಳೆಯಿಂದಲೇ ಬನ್ನಿ ಎನ್ನುತ್ತಾರೆ. (ಸಿಹಿ ಜಾಸ್ತಿ. ಆದರೂ ಬರೆಯುವಾಗ ನನ್ನ ಕಣ್ಣು ತುಂಬಿತು. ನಕ್ಕರೆ ನಗಿ.)

ಎರಡು: ಮೇಡಂ ಇನ್ನೊಂದು ಬಾಗಿಲಿನಿಂದ ರಿಹರ್ಸಲ್‌ಗೆ ಹೋಗಿಬಿಡುತ್ತಾರೆ. ಅಕ್ಕ ಮನೆಗೆ ಬಂದಾಗ ಮಗಳು ಚುಕ್ಕೆಗಳನ್ನು ನೋಡಿ, ಯಾರದಮ್ಮಾ ಇದು ಎಂದು ಕೇಳುತ್ತಾಳೆ. ಕೇಳಿ, ಬೈಯದೆ ಸುಮ್ಮನಾಗುತ್ತಾಳೆ. (ಇದು ಬಹುಮಾನ ಬರುವ ಥರದ ಅಂತ್ಯ. ಅದಕ್ಕೇ ನನಗೆ ಇದರ ಮೇಲೆ ಅನುಮಾನ.)

ಮೂರು: ಅಕ್ಕ ಹೊಲಿದು ಮುಗಿಸಿ, ಎದ್ದು...

"ರೀ, ನೀವು!"

"ನಾನಾ?"

"ಇನ್ಯಾರು ಇದ್ದಾರೆ ಇಲ್ಲಿ ಸುಮ್ಮನೆ ನಿಂತಿರೋರು? ಈ ಸಲ ಕೋಟಿನ ಅಡಿ ನನ್ನ ಬಟ್ಟೆ ಬರಬಾರದು. ಬಂದು ಕೋಟನ್ನ ಎರಡೂ ಕೈಯಲ್ಲಿ ಎತ್ತಿ ಹಿಡ್ಕೊಳ್ಳಿ."

"ಅಕ್ಕ, ಕೊನೆ ಬರೀತಾ ಇದ್ದೀನಿ..."

"ಆಮೇಲೆ ಬರೀಬಹುದು. ಇವರಿಗೆ ಹೊತ್ತಾಗ್ತಿದೆ."

ಹೋದೆ. ಬಗ್ಗಿದೆ. ಒಂದು ಕೈಯಲ್ಲಿ ಹಿಡಿದೆ. ಇನ್ನೊಂದರಲ್ಲಿ ನಿಮಗಾಗಿ ಇದನ್ನು ಗೀಚುತ್ತಿದ್ದೇನೆ. ಸೂಜಿ ಹೋಗುತ್ತಿದೆ, ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ. ಇಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ಇವಳ ಕಥೆ ಬರೆಯುತ್ತಿರುವುದು ನಾನೇ ಎಂದು ಯಾರಿಗಾದರೂ ಹೇಳಿಕೊಳ್ಳಬೇಕು ಅನ್ನಿಸುವಷ್ಟು ಹೆಮ್ಮೆಯಾಗುತ್ತಿದೆ.

ಹಿಂದೆ ಬಾಗಿಲ ಚಿಲಕ ಸರಿದ ಸದ್ದು. ಮೇಡಂ ಹೊರಗೆ ಬರಲು ತೆಗೆದದ್ದೋ, ಒಳಗಿನಿಂದ ಹಾಕಿಕೊಂಡದ್ದೋ ಗೊತ್ತಾಗಲಿಲ್ಲ. ತಿರುಗಿ ನೋಡಲು ಹೋದೆ.

"ಆ ಕಡೆ ಏನು ನೋಡ್ತೀರಿ? ಬಟ್ಟೆ ಸಡಿಲ ಆಯ್ತು, ಬಿಗಿಯಾಗಿ ಹಿಡೀರಿ. ಎರಡೂ ಕೈಯಲ್ಲಿ ಅಂದೆ."

ಪೆನ್ನು ಕೆಳಗಿಡುತ್ತಿದ್ದೇನೆ. ಬಾಗಿಲ ಕಡೆ ನೀವೇ ಒಂಚೂರು ನೋಡಿಕೊಳ್ಳಿ.